ಕತ್ತರಿಯ ವಿದ್ಯೆ ವಿಶ್ವವಿದ್ಯಾಲಯಕ್ಕೆ ಬಂದ ಬಗೆ: ದೃಶ್ಯ ಸಂಕಲನ ಶಿಕ್ಷಣದ ಚರಿತ್ರೆ ಮತ್ತು ಜಾನಪದ ದಾಖಲೀಕರಣ

ಪೀಠಿಕೆ

ಗ್ರಂಥ ಸಂಪಾದನೆಯ ಸಮಸ್ಯೆಗಳನ್ನು ಕನ್ನಡ ವಿದ್ವತ್ತು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ಚರ್ಚಿಸುತ್ತ ಬಂದಿದೆ. ಓಲೆಗರಿಯ ಪ್ರತಿಗಳನ್ನು ಹೋಲಿಸುವುದು, ಪಾಠಾಂತರಗಳನ್ನು ಅಡಿಯಲ್ಲಿ ಕೊಡುವುದು, ಸಂಪಾದಕನು ಊಹಿಸಿ ತುಂಬಿದ ಭಾಗವನ್ನು ಬೇರೆಯಾಗಿ ತೋರಿಸುವುದು ಮೊದಲಾದ ಶಿಸ್ತುಗಳು ಈ ಚರ್ಚೆಯಿಂದ ನೆಲೆಗೊಂಡವು. ಜನಪದ ಕಾವ್ಯಗಳ ಸಂಗ್ರಹ ಆರಂಭವಾದ ಮೇಲೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಹಲವು ಗಾಯಕರ ಹಾಡಿಕೆಯನ್ನು ಕೂಡಿಸಿ ಒಂದು 'ಪೂರ್ಣ' ಪಠ್ಯವನ್ನು ಕಟ್ಟುವುದು ಸರಿಯೆ, ಹಾಡುಗಾರನು ತಡವರಿಸಿದ ಕಡೆ ಸಾಲನ್ನು ತಿದ್ದಬಹುದೆ ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ತಮ್ಮ ತಮ್ಮ ನೆಲೆಯಲ್ಲಿ ಉತ್ತರ ಕಂಡುಕೊಂಡರು.

ಆದರೆ ಚಲಿಸುವ ಚಿತ್ರದ ಸಂಪಾದನೆ ಇಷ್ಟು ಆಳವಾದ ಚರ್ಚೆಗೆ ಒಳಗಾಗಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಆಚರಣೆ, ಕುಣಿತ, ಬಯಲಾಟ ಮತ್ತು ಕಾವ್ಯಗಾಯನಗಳನ್ನು ವಿಡಿಯೊದಲ್ಲಿ ದಾಖಲಿಸುವ ಕೆಲಸ ವ್ಯಾಪಕವಾಗಿ ನಡೆದಿದೆ. ಆ ದಾಖಲೆಗಳು ನೋಡುಗರ ಮುಂದೆ ಬರುವುದು ಸಂಕಲನಗೊಂಡ ರೂಪದಲ್ಲಿ. ಎಂಟು ಗಂಟೆಯ ಆಟ ಮೂವತ್ತು ನಿಮಿಷಕ್ಕೆ ಇಳಿಯುವಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ನಿರ್ಧರಿಸುವವನು ಸಂಕಲನಕಾರ. ಅವನಿಗೆ ಈ ವಿದ್ಯೆ ಎಲ್ಲಿ, ಯಾರಿಂದ, ಹೇಗೆ ದೊರೆಯಿತು ಎಂಬ ವಿಷಯ ಆದ್ದರಿಂದ ಜಾನಪದ ಅಧ್ಯಯನಕ್ಕೂ ಸಂಬಂಧಿಸಿದ್ದು. ಕಸುಬಿನ ಕೋಣೆಯಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ಸಂಕಲನವು ವಿಶ್ವವಿದ್ಯಾಲಯದ ಪಾಠಪಟ್ಟಿಗೆ ಬಂದ ಚರಿತ್ರೆಯನ್ನು ಪ್ರಸ್ತುತ ಲೇಖನವು ಗುರುತಿಸುತ್ತದೆ. ಈ ಪಯಣದಲ್ಲಿ ಉಳಿದುದನ್ನೂ ಕಳೆದುಹೋದುದನ್ನೂ ಜಾನಪದ ದಾಖಲೀಕರಣದ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ.

ಕಸುಬಿನ ಕೋಣೆ

ಚಲನಚಿತ್ರದ ಮೊದಲ ದಶಕಗಳಲ್ಲಿ ಸಂಕಲನವೆಂಬುದು ಪ್ರತ್ಯೇಕ ವಿದ್ಯೆಯೆನಿಸಿರಲಿಲ್ಲ. ಫಿಲ್ಮಿನ ಸುರುಳಿಯನ್ನು ಬೆಳಕಿಗೆ ಹಿಡಿದು, ಕಣ್ಣಳತೆಯಲ್ಲಿ ಕತ್ತರಿಸಿ, ಅಂಟಿಸುವ ಕೆಲಸ ಅದಾಗಿತ್ತು. ಅಮೆರಿಕದ ಸ್ಟುಡಿಯೋಗಳಲ್ಲಿ ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಹೆಚ್ಚಾಗಿ ನೇಮಿಸಿಕೊಳ್ಳುತ್ತಿದ್ದರು. ಹೊಲಿಗೆಯಂತೆ ನಾಜೂಕಿನ, ಹೆಸರು ಬೇಡದ ದುಡಿಮೆಯೆಂದೇ ಅದನ್ನು ಪರಿಗಣಿಸಲಾಗಿತ್ತು. ಡಿ. ಡಬ್ಲ್ಯು. ಗ್ರಿಫಿತ್‌ನ ಸಂಸ್ಥೆಯಲ್ಲಿ ತುಂಡುಗಳನ್ನು ಜೋಡಿಸುವ ಕೆಲಸದಿಂದ ಆರಂಭಿಸಿದ ಮಾರ್ಗರೆಟ್ ಬೂತ್ ಮುಂದೆ ಎಂಜಿಎಂ ಸ್ಟುಡಿಯೋದ ಸಂಕಲನ ವಿಭಾಗದ ಮುಖ್ಯಸ್ಥೆಯಾಗಿ ದಶಕಗಳ ಕಾಲ ದುಡಿದರು. ಆಕೆಯ ಪೀಳಿಗೆಯವರಿಗೆ ಪಾಠಶಾಲೆಯಿರಲಿಲ್ಲ, ಕೋಣೆಯೇ ಶಾಲೆಯಾಗಿತ್ತು.

1924ರಲ್ಲಿ ಐವಾನ್ ಸೆರೂರಿಯರ್ ರೂಪಿಸಿದ ಮೂವಿಯೋಲಾ ಯಂತ್ರವು ಚಲಿಸುವ ಚಿತ್ರವನ್ನು ನೋಡುತ್ತಲೇ ಕತ್ತರಿಸುವ ಸೌಕರ್ಯವನ್ನು ಒದಗಿಸಿತು. ಮುಂದೆ ಜರ್ಮನಿಯ ಸ್ಟೀನ್‌ಬೆಕ್ ಸಂಸ್ಥೆಯ ಮೇಜಿನಾಕಾರದ ಯಂತ್ರ ಹಲವು ದೇಶಗಳ ಸಂಕಲನ ಕೋಣೆಗಳಿಗೆ ಬಂತು. ಯಂತ್ರ ಬದಲಾದರೂ ಕಲಿಕೆಯ ವಿಧಾನ ಬದಲಾಗಲಿಲ್ಲ. ಸಹಾಯಕನು ರೀಲುಗಳನ್ನು ಸುತ್ತಬೇಕು, ತುಂಡುಗಳಿಗೆ ಸಂಖ್ಯೆ ಬರೆಯಬೇಕು, ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಬೇಕು, ಗುರು ಕೇಳಿದ ತುಂಡನ್ನು ಕ್ಷಣದಲ್ಲಿ ಹುಡುಕಿ ಕೊಡಬೇಕು. ಈ ಊಳಿಗ ಮಾಡುತ್ತಲೇ ಅವನು ಗುರು ಎಲ್ಲಿ ಕತ್ತರಿಸುತ್ತಾನೆ, ಎಲ್ಲಿ ತಡೆಯುತ್ತಾನೆ ಎಂಬುದನ್ನು ಕಣ್ಣಿನಿಂದ ಕಲಿಯುತ್ತಿದ್ದನು. ಕನ್ನಡ ಚಿತ್ರಗಳ ಬಹುಪಾಲು ಕೆಲಸ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೂ ಸಂಕಲನದ ವಿದ್ಯೆ ಸಾಗಿದ್ದು ಬಹುಮಟ್ಟಿಗೆ ಈ ದಾರಿಯಲ್ಲಿಯೇ.

ಬಡಗಿ, ಕಂಬಾರ, ನೇಕಾರ ಮೊದಲಾದ ಕಸುಬುಗಳ ಕಲಿಕೆಯನ್ನು ಅಧ್ಯಯನ ಮಾಡಿದವರಿಗೆ ಈ ಕ್ರಮ ಅಪರಿಚಿತವಲ್ಲ. ಇಲ್ಲಿ ಜ್ಞಾನವು ಸೂತ್ರಗಳಾಗಿ ಬೇರ್ಪಡದೆ ಕೆಲಸದಲ್ಲಿಯೇ ಹುದುಗಿರುತ್ತದೆ. ಇದರ ಗುಣವೆಂದರೆ ಕೈ ಪಳಗುವುದು, ವಸ್ತುವಿನ ಬೆಲೆ ತಿಳಿಯುವುದು. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ ಹದಿನಾರು ಚೌಕಟ್ಟುಗಳು. ಸೆಕೆಂಡಿಗೆ 24 ಚೌಕಟ್ಟಿನಂತೆ ಒಂದು ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷದಲ್ಲಿ ಮುಗಿಯುತ್ತದೆ. ಹೀಗೆ ಕಾಲವನ್ನು ಅಡಿಯಲ್ಲಿ ಅಳೆಯುತ್ತಿದ್ದ ಕೈಗೆ ಪ್ರತಿ ಕತ್ತರಿಕೆಯೂ ಎಣಿಸಿ ಮಾಡುವ ಕೆಲಸವಾಗಿತ್ತು. ದೋಷವೂ ಇತ್ತು. ಗುರುವಿನ ಮಿತಿಯೇ ಶಿಷ್ಯನ ಮಿತಿಯಾಗುತ್ತಿತ್ತು. ಕೋಣೆಯ ಬಾಗಿಲು ಪರಿಚಯವಿದ್ದವರಿಗೆ ಮಾತ್ರ ತೆರೆಯುತ್ತಿತ್ತು. 'ಏಕೆ ಇಲ್ಲಿ ಕತ್ತರಿಸಬೇಕು' ಎಂದು ಶಿಷ್ಯನು ಕೇಳುವ ಅವಕಾಶ ಕಡಿಮೆಯಾಗಿತ್ತು.

ಪ್ರಶ್ನೆ ಪಾಠವಾದದ್ದು

ಆ 'ಏಕೆ' ಎಂಬ ಪ್ರಶ್ನೆಯನ್ನು ಪಾಠದ ಕೇಂದ್ರಕ್ಕೆ ತಂದ ಶ್ರೇಯ ಮಾಸ್ಕೋದಲ್ಲಿ 1919ರಲ್ಲಿ ಆರಂಭವಾದ ಸರ್ಕಾರಿ ಚಲನಚಿತ್ರ ಶಾಲೆಗೆ ಸಲ್ಲುತ್ತದೆ. ಅಂತರ್ಯುದ್ಧದ ಆ ದಿನಗಳಲ್ಲಿ ರಷ್ಯಾದಲ್ಲಿ ಕಚ್ಚಾ ಫಿಲ್ಮಿಗೆ ತೀವ್ರ ಅಭಾವವಿತ್ತು. ಅಲ್ಲಿ ಬೋಧಕನಾಗಿದ್ದ ಲೆವ್ ಕುಲೆಶೋವ್ ತನ್ನ ಶಿಷ್ಯರಿಂದ ಫಿಲ್ಮೇ ಇಲ್ಲದೆ ದೃಶ್ಯಗಳನ್ನು ರಂಗದ ಮೇಲೆ ತುಂಡುತುಂಡಾಗಿ ಅಭಿನಯಿಸಿ ತೋರಿಸುವ ಅಭ್ಯಾಸ ಮಾಡಿಸಿದನು. ಇದ್ದ ಹಳೆಯ ಚಿತ್ರಗಳ ತುಂಡುಗಳನ್ನು ಮರುಜೋಡಿಸುವ ಪ್ರಯೋಗಗಳನ್ನೂ ನಡೆಸಿದನು. ಅಭಾವವೇ ಇಲ್ಲಿ ಸಿದ್ಧಾಂತಕ್ಕೆ ದಾರಿ ಮಾಡಿಕೊಟ್ಟಿತು ಎಂಬುದು ಗಮನಾರ್ಹ. ಹೊಸದಾಗಿ ಚಿತ್ರೀಕರಿಸಲು ಸಾಧ್ಯವಿಲ್ಲದಿದ್ದಾಗ, ಇದ್ದುದನ್ನು ಬೇರೆ ಕ್ರಮದಲ್ಲಿ ಇಟ್ಟರೆ ಅರ್ಥ ಹೇಗೆ ಬದಲಾಗುತ್ತದೆ ಎಂಬ ಶೋಧನೆ ನಡೆಯಿತು.

ಆ ಪ್ರಯೋಗಗಳಲ್ಲಿ ಹೆಸರಾದುದು ನಟ ಮೊಝುಖಿನ್‌ನ ಮುಖದ ಪ್ರಯೋಗ. ಭಾವವಿಲ್ಲದ ಒಂದೇ ಮುಖದ ತುಂಡನ್ನು ಬೇರೆ ಬೇರೆ ತುಂಡುಗಳ ಪಕ್ಕದಲ್ಲಿ ಜೋಡಿಸಿದಾಗ ನೋಡುಗರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂದು ಹೇಳಲಾಗುತ್ತದೆ. ಆ ಫಿಲ್ಮು ಇಂದು ಉಳಿದಿಲ್ಲ. ಕುಲೆಶೋವ್ ಮತ್ತು ಅವನ ಶಿಷ್ಯ ಪುಡೋವ್‌ಕಿನ್ ನೀಡಿದ ವಿವರಣೆಗಳಲ್ಲಿಯೇ ವ್ಯತ್ಯಾಸಗಳಿವೆ. ಅಂದರೆ ಜಗತ್ತಿನ ಬಹುಪಾಲು ಸಂಕಲನ ತರಗತಿಗಳಲ್ಲಿ ಮೊದಲ ಪಾಠವಾಗಿ ಹೇಳುವ ಈ ಪ್ರಯೋಗವು ಮೂಲಪ್ರತಿಯಿಲ್ಲದೆ ಬಾಯಿಂದ ಬಾಯಿಗೆ, ಪುಸ್ತಕದಿಂದ ಪುಸ್ತಕಕ್ಕೆ ಪಾಠಭೇದಗಳೊಡನೆ ಸಾಗಿ ಬಂದಿದೆ. ಜಾನಪದ ವಿದ್ವಾಂಸರು ಐತಿಹ್ಯವೆಂದು ಗುರುತಿಸುವ ರೂಪಕ್ಕೆ ಇದು ಹತ್ತಿರವಾದುದು. ವಿದ್ಯೆಯೊಂದು ಶಾಲೆಗೆ ಬಂದ ಮೇಲೂ ಮೌಖಿಕ ಪರಂಪರೆಯ ಲಕ್ಷಣಗಳನ್ನು ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಅಮೆರಿಕದಲ್ಲಿ ಚಲನಚಿತ್ರ ವಿಶ್ವವಿದ್ಯಾಲಯದ ಆವರಣವನ್ನು ಪ್ರವೇಶಿಸಿದ್ದು 1929ರಲ್ಲಿ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಅಕಾಡೆಮಿ ಆಫ್ ಮೋಷನ್ ಪಿಕ್ಚರ್ ಆರ್ಟ್ಸ್ ಅಂಡ್ ಸೈನ್ಸಸ್ ಜೊತೆಗೂಡಿ ತರಗತಿಗಳನ್ನು ಆರಂಭಿಸಿತು. ಮುಂದೆ 1948ರಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿಯೂ ಚಲನಚಿತ್ರ ಶಾಲೆ ಆರಂಭವಾಯಿತು. ಇಂಥ ಶಾಲೆಗಳು ಬೆಳೆದಂತೆ ಒಂದು ಬೋಧನಕ್ರಮ ಬಳಕೆಗೆ ಬಂತು: ಒಂದೇ ದೃಶ್ಯದ ಚಿತ್ರಿತ ತುಂಡುಗಳನ್ನು ಎಲ್ಲ ವಿದ್ಯಾರ್ಥಿಗಳಿಗೂ ಕೊಟ್ಟು, ಪ್ರತಿಯೊಬ್ಬರ ಸಂಕಲನವನ್ನು ಒಟ್ಟಿಗೆ ಕುಳಿತು ನೋಡುವುದು. ಗುರುವಿನ ಒಂದು ಕೈಗೆ ಬದಲಾಗಿ ಹತ್ತು ಕೈಗಳ ಹತ್ತು ಪಾಠಗಳು ಎದುರಿಗೆ ಬರುವ ಈ ಕ್ರಮದಲ್ಲಿ ವಿದ್ಯಾರ್ಥಿಯು ತನ್ನ ನಿರ್ಧಾರಕ್ಕೆ ಕಾರಣ ಕೊಡಬೇಕಾಗುತ್ತಿತ್ತು. ಕಸುಬಿನ ಕೋಣೆಗೂ ತರಗತಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ಪುಣೆಯ ಶಾಲೆ

ಭಾರತದಲ್ಲಿ ಎಸ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ 1949ರಲ್ಲಿ ನೇಮಕವಾದ ಚಲನಚಿತ್ರ ವಿಚಾರಣಾ ಸಮಿತಿಯು 1951ರ ತನ್ನ ವರದಿಯಲ್ಲಿ ಚಲನಚಿತ್ರ ಶಿಕ್ಷಣ ಸಂಸ್ಥೆಯೊಂದರ ಅಗತ್ಯವನ್ನು ಪ್ರತಿಪಾದಿಸಿತು. ಅದರ ಫಲವಾಗಿ 1960ರಲ್ಲಿ ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸ್ಥಾಪನೆಗೊಂಡಿತು. 1974ರಲ್ಲಿ ದೂರದರ್ಶನದ ತರಬೇತಿ ವಿಭಾಗವೂ ಪುಣೆಗೆ ಬಂದು ಸೇರಿ, ಸಂಸ್ಥೆಯ ಹೆಸರಿನಲ್ಲಿ 'ಟೆಲಿವಿಷನ್' ಎಂಬ ಪದ ಸೇರ್ಪಡೆಯಾಯಿತು. 1964ರಲ್ಲಿ ಅದೇ ನಗರದಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು ಕಲಿಕೆಗೆ ದೊಡ್ಡ ಆಸರೆಯಾಯಿತು. ಸಂಗ್ರಹಾಲಯವಿಲ್ಲದೆ ಸಂಕಲನ ಶಿಕ್ಷಣವಿಲ್ಲ ಎಂಬುದು ಪುಣೆಯ ಅನುಭವ ತಿಳಿಸುವ ಮುಖ್ಯ ಸಂಗತಿ. ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ಓಡಿಸಿ ನೋಡುವ ಅವಕಾಶವೇ ವಿದ್ಯಾರ್ಥಿಗೆ ಗ್ರಂಥಾಲಯ. ಈ ಸಂಗ್ರಹಾಲಯವು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನಗೊಂಡಿತು.

ಕರ್ನಾಟಕದೊಡನೆ ಈ ಶಾಲೆಗಿರುವ ಸಂಬಂಧವನ್ನು ಗಿರೀಶ ಕಾಸರವಳ್ಳಿಯವರ ಹೆಸರು ನೆನಪಿಸುತ್ತದೆ. 1975ರಲ್ಲಿ ಅಲ್ಲಿ ವ್ಯಾಸಂಗ ಮುಗಿಸಿದ ಅವರು 1977ರಲ್ಲಿ 'ಘಟಶ್ರಾದ್ಧ'ವನ್ನು ನಿರ್ದೇಶಿಸಿದರು. ಆ ಚಿತ್ರದಲ್ಲಿ ಆಚರಣೆಯೊಂದು ಕಥೆಯ ತಿರುಳಾಗಿದೆ. ಬೆಂಗಳೂರಿನಲ್ಲಿಯೇ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಸ್ವಾತಂತ್ರ್ಯಪೂರ್ವದಿಂದಲೂ ಛಾಯಾಗ್ರಹಣವನ್ನು ಕಲಿಸುತ್ತಿತ್ತು, ವಿ. ಕೆ. ಮೂರ್ತಿ, ಗೋವಿಂದ ನಿಹಲಾನಿ ಅಲ್ಲಿಯ ವಿದ್ಯಾರ್ಥಿಗಳು. ಕ್ಯಾಮೆರಾದ ವಿದ್ಯೆಗೆ ಸಂಸ್ಥಾನವು ಇಷ್ಟು ಮುಂಚೆಯೇ ಪಾಲಿಟೆಕ್ನಿಕ್‌ನಲ್ಲಿ ಸ್ಥಾನ ಕೊಟ್ಟಿತ್ತು. ಸಂಕಲನದ ವಿದ್ಯೆಯಾದರೋ ಬಹುಕಾಲ ಸ್ಟುಡಿಯೋದ ಕೋಣೆಯಲ್ಲಿಯೇ ಉಳಿಯಿತು.

ಪುಣೆಯ ಸಂಸ್ಥೆಯಾಗಲಿ, 1995ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸತ್ಯಜಿತ್ ರಾಯ್ ಸಂಸ್ಥೆಯಾಗಲಿ ದೀರ್ಘಕಾಲ ವಿಶ್ವವಿದ್ಯಾಲಯಗಳಾಗಿರಲಿಲ್ಲ. ಅವು ಕೊಡುತ್ತಿದ್ದುದು ಡಿಪ್ಲೊಮಾ. 2025ರಲ್ಲಿ ಈ ಎರಡೂ ಸಂಸ್ಥೆಗಳಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಕಸುಬಿಗೆ ಪದವಿಯ ಮಾನ್ಯತೆ ದೊರೆಯಲು ಆರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಟೇಪು ಮತ್ತು ವಿಶ್ವವಿದ್ಯಾಲಯ

ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಸಂಕಲನ ಬಂದ ದಾರಿ ಬೇರೆ. ಅದು ಬಂದದ್ದು ಸಿನಿಮಾದ ಮೂಲಕವಲ್ಲ, ದೂರದರ್ಶನದ ಮೂಲಕ. 1956ರಲ್ಲಿ ಆಂಪೆಕ್ಸ್ ಸಂಸ್ಥೆಯು ವಿಡಿಯೊ ಟೇಪು ಯಂತ್ರವನ್ನು ಪ್ರಕಟಪಡಿಸಿದಾಗ ಟೇಪನ್ನು ಬ್ಲೇಡಿನಿಂದ ಕತ್ತರಿಸಿಯೇ ಜೋಡಿಸಬೇಕಿತ್ತು. ಚಿತ್ರ ಕಣ್ಣಿಗೆ ಕಾಣದ ಕಾಂತೀಯ ಗುರುತಾಗಿದ್ದುದರಿಂದ ಅದು ಫಿಲ್ಮಿಗಿಂತ ಕಷ್ಟದ ಕೆಲಸವಾಗಿತ್ತು. ಮುಂದೆ ಟೇಪನ್ನು ಕತ್ತರಿಸದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುತ್ತ ಸಂಕಲಿಸುವ ಪದ್ಧತಿ ಬಂತು. 1971ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಯು-ಮ್ಯಾಟಿಕ್ ಕ್ಯಾಸೆಟ್ಟು ಈ ಪದ್ಧತಿಯನ್ನು ಶಿಕ್ಷಣ ಸಂಸ್ಥೆಗಳ ಅಳವಿಗೆ ತಂದಿತು.

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಉಪಗ್ರಹ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ಒಯ್ದಿತು. ಕರ್ನಾಟಕದ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಹಕಾರದಿಂದ ಸಮೂಹ ಸಂವಹನ ಸಂಶೋಧನ ಕೇಂದ್ರ 1982ರಲ್ಲಿ ಆರಂಭವಾಯಿತು. ಇನ್‌ಸ್ಯಾಟ್-1ಬಿ ಉಪಗ್ರಹದ ಉಡಾವಣೆಯ ಮರುವರ್ಷ, 1984ರ ಆಗಸ್ಟ್ 15ರಂದು, ವಿಶ್ವವಿದ್ಯಾಲಯ ಅನುದಾನ ಆಯೋಗವು 'ಕಂಟ್ರಿವೈಡ್ ಕ್ಲಾಸ್‌ರೂಮ್' ಪ್ರಸಾರವನ್ನು ಆರಂಭಿಸಿತು. ಅದಕ್ಕೆ ಕಾರ್ಯಕ್ರಮಗಳನ್ನು ಸಿದ್ಧಪಡಿಸಲು ಆಯ್ದ ವಿಶ್ವವಿದ್ಯಾಲಯಗಳಲ್ಲಿ ಮಾಧ್ಯಮ ಕೇಂದ್ರಗಳು ಹುಟ್ಟಿಕೊಂಡವು. 1993ರಲ್ಲಿ ಅವುಗಳ ಸಮನ್ವಯಕ್ಕೆ ಶೈಕ್ಷಣಿಕ ಸಂವಹನ ಒಕ್ಕೂಟ ರೂಪುಗೊಂಡಿತು. ಕಾಲಕ್ರಮದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಇಂಥ ಕೇಂದ್ರ ನೆಲೆಗೊಂಡಿತು.

ಟೇಪಿನ ಸಂಕಲನ ಕಲಿಸಿದ ಶಿಸ್ತು ಫಿಲ್ಮಿನದಕ್ಕಿಂತ ಭಿನ್ನ. ಇಲ್ಲಿ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿಯೇ ಕಟ್ಟಬೇಕು. ಐದನೆಯ ನಿಮಿಷದಲ್ಲಿ ಹತ್ತು ಸೆಕೆಂಡು ಹೆಚ್ಚಿಸಬೇಕಾದರೆ ಅಲ್ಲಿಂದ ಮುಂದಿನದೆಲ್ಲವನ್ನೂ ಮತ್ತೆ ಮುದ್ರಿಸಬೇಕು. ಇಲ್ಲವೇ ಸಂಕಲನಗೊಂಡ ಪ್ರತಿಯನ್ನೇ ನಕಲು ಮಾಡಬೇಕು. ಪ್ರತಿ ನಕಲಿನಲ್ಲಿಯೂ ಚಿತ್ರ ಮಸುಕಾಗುತ್ತಿತ್ತು. ಹೀಗಾಗಿ ಯಂತ್ರದ ಮುಂದೆ ಕೂರುವ ಮೊದಲು ಕಾಗದದ ಮೇಲೆ ಸಂಕಲನ ಮುಗಿದಿರಬೇಕಿತ್ತು. ಕ್ಯಾಸೆಟ್ಟುಗಳನ್ನೆಲ್ಲ ನೋಡಿ, ಯಾವ ಗಂಟೆ, ನಿಮಿಷ, ಸೆಕೆಂಡಿನಲ್ಲಿ ಏನಿದೆ ಎಂದು ಬರೆಯುವ ದೃಶ್ಯಸೂಚಿಯೇ ವಿದ್ಯಾರ್ಥಿಯ ಮೊದಲ ಕೆಲಸ. ಹಸ್ತಪ್ರತಿ ಸೂಚಿಯನ್ನು ತಯಾರಿಸಿದವರಿಗೆ ಈ ಕೆಲಸದ ಬೆಲೆ ತಿಳಿಯುತ್ತದೆ.

ಕಂಪ್ಯೂಟರು ಬಂದ ಮೇಲೆ

1989ರಲ್ಲಿ ಆವಿಡ್ ಸಂಸ್ಥೆಯು ಮ್ಯಾಕಿಂಟಾಷ್ ಕಂಪ್ಯೂಟರನ್ನು ಆಧರಿಸಿದ ತನ್ನ ಸಂಕಲನ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. 1991ರಲ್ಲಿ ಅಡೋಬಿ ಪ್ರೀಮಿಯರ್, 1999ರಲ್ಲಿ ಆಪಲ್‌ನ ಫೈನಲ್ ಕಟ್ ಪ್ರೊ ಬಂದವು. ವಾಲ್ಟರ್ ಮರ್ಚ್ ಆವಿಡ್‌ನಲ್ಲಿ ಸಂಕಲಿಸಿದ 'ದಿ ಇಂಗ್ಲಿಷ್ ಪೇಷಂಟ್' (1996) ಚಿತ್ರಕ್ಕೆ ಸಂಕಲನದ ಆಸ್ಕರ್ ದೊರೆತದ್ದು ಡಿಜಿಟಲ್ ಪದ್ಧತಿಗೆ ಸಂದ ಮನ್ನಣೆಯೂ ಆಯಿತು. ಮರ್ಚ್ ಸ್ವತಃ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಲಿತವರು. ಕತ್ತರಿ ಮತ್ತು ಟೇಪಿನಿಂದ ಕಂಪ್ಯೂಟರಿಗೆ ದಾಟಿದ ಪೀಳಿಗೆಯ ಪ್ರತಿನಿಧಿ. 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು ಅವರು ಸಂಕಲಿಸಿದ್ದು ಅಂಗಡಿಯಲ್ಲಿ ಯಾರೂ ಕೊಳ್ಳಬಹುದಾಗಿದ್ದ ಫೈನಲ್ ಕಟ್ ಪ್ರೊದಲ್ಲಿ. ಹಿಂದೆ ಸ್ಟುಡಿಯೋದ ಸೊತ್ತಾಗಿದ್ದ ಸಲಕರಣೆ ಕಾಲೇಜಿನ ಪ್ರಯೋಗಾಲಯಕ್ಕೂ ದೊರೆಯುವಂತಾಯಿತು. 2011ರಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಂದ ಮೇಲೆ, ವರ್ಣ ಹೊಂದಿಸುವ ಕೆಲಸಕ್ಕೂ ಬೆಲೆಯ ಅಡ್ಡಗೋಡೆ ಇಲ್ಲವಾಯಿತು.

ಈ ಪದ್ಧತಿಯ ಮರ್ಮ ಸರಳವಾದುದು. ಕಂಪ್ಯೂಟರು ಮೂಲ ಚಿತ್ರವನ್ನು ಕತ್ತರಿಸುವುದಿಲ್ಲ. ಯಾವ ಕಡತದ ಯಾವ ಚೌಕಟ್ಟಿನಿಂದ ಯಾವ ಚೌಕಟ್ಟಿನವರೆಗೆ ತೋರಿಸಬೇಕೆಂಬ ಸೂಚನೆಗಳ ಪಟ್ಟಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮೂಲವು ಹಾಗೆಯೇ ಉಳಿದಿರುತ್ತದೆ. ಒಂದೇ ಮೂಲದಿಂದ ಹತ್ತು ಸಂಕಲನಗಳನ್ನು ಮಾಡಬಹುದು. ಗ್ರಂಥ ಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ, ಮಾತೃಕೆಯನ್ನು ಮುಟ್ಟದೆ ಪಾಠವನ್ನು ಕಟ್ಟುವ ಸೌಕರ್ಯ ಇದು. ಹಲವು ಕ್ಯಾಮೆರಾಗಳ ಚಿತ್ರಗಳನ್ನು ಕಾಲಸೂಚಿಯ ಆಧಾರದಿಂದ ಹೊಂದಿಸುವುದು, ಧ್ವನಿಯ ಪದರಗಳನ್ನು ಬೇರೆಯಾಗಿ ತಿದ್ದುವುದು, ವರ್ಣಗಳನ್ನು ಸಮಗೊಳಿಸುವುದು ಮೊದಲಾದ 'ಉನ್ನತ' ಕೌಶಲಗಳು ಈ ಅಡಿಪಾಯದ ಮೇಲೆ ನಿಂತಿವೆ.

ಆದರೆ ಕಲಿಕೆಯಲ್ಲಿ ಒಂದು ಪಲ್ಲಟವೂ ಸಂಭವಿಸಿತು. ಫಿಲ್ಮಿನಲ್ಲಿ ತಪ್ಪು ಕತ್ತರಿಕೆಗೆ ಬೆಲೆಯಿತ್ತು. ಟೇಪಿನಲ್ಲಿ ಬದಲಾವಣೆಗೆ ಬೆಲೆಯಿತ್ತು. ಕಂಪ್ಯೂಟರಿನಲ್ಲಿ ಎರಡಕ್ಕೂ ಬೆಲೆಯಿಲ್ಲ. ಬೆಲೆಯೇ ಕಲಿಸುತ್ತಿದ್ದ ವಿವೇಚನೆಯನ್ನು ಈಗ ಬೇರೆಯಾಗಿ ಕಲಿಸಬೇಕಾಯಿತು. ಪಾಠಪಟ್ಟಿಯು ತಂತ್ರಾಂಶದ ಆಜ್ಞೆಗಳನ್ನು ಕಲಿಸುವುದಕ್ಕೆ ಸೀಮಿತವಾದರೆ ಆ ವಿವೇಚನೆ ಕೈಬಿಟ್ಟುಹೋಗುತ್ತದೆ. ಆಜ್ಞೆಗಳೂ ಸ್ಥಿರವಲ್ಲ. 2011ರಲ್ಲಿ ಫೈನಲ್ ಕಟ್ ಪ್ರೊದ ಹೊಸ ಆವೃತ್ತಿ ಬಂದಾಗ ಹಿಂದಿನ ಆವೃತ್ತಿಯಲ್ಲಿ ಕಟ್ಟಿದ ಸಂಕಲನ ಕಡತಗಳನ್ನು ಅದು ತೆರೆಯಲಿಲ್ಲ. ಒಂದು ತಂತ್ರಾಂಶವನ್ನೇ ವಿದ್ಯೆಯೆಂದು ಕಲಿತವರಿಗೂ, ಅದರಲ್ಲಿಯೇ ದಾಖಲೆಯನ್ನು ಉಳಿಸಿದ್ದ ಸಂಸ್ಥೆಗಳಿಗೂ ಇದು ಎಚ್ಚರಿಕೆಯಾಯಿತು.

ಜಾನಪದ ದಾಖಲೆಯ ಮುಂದಿನ ಪ್ರಶ್ನೆ

ಜಾನಪದ ಮತ್ತು ಮಾನವಶಾಸ್ತ್ರದ ಚಿತ್ರಗಳಲ್ಲಿ ಸಂಕಲನ ಎಷ್ಟಿರಬೇಕು ಎಂಬ ಚರ್ಚೆ ಹಳೆಯದು. 1952ರಲ್ಲಿ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಗೊಟ್‌ಹಾರ್ಡ್ ವುಲ್ಫ್ ಆರಂಭಿಸಿದ ಚಲನಚಿತ್ರ ವಿಶ್ವಕೋಶದ ಯೋಜನೆಯು, ಒಂದು ಚಿತ್ರ ಒಂದೇ ಕ್ರಿಯೆಯನ್ನು ಅದರ ಸಹಜ ಕ್ರಮದಲ್ಲಿ ತೋರಿಸಬೇಕು, ಸಂಕಲನದ ಕೈವಾಡ ಆದಷ್ಟು ಕಡಿಮೆಯಿರಬೇಕು ಎಂಬ ನಿಯಮವನ್ನು ಅನುಸರಿಸಿತು. ಇದಕ್ಕೆ ಎದುರಾಗಿ, ಆಯ್ಕೆಯಿಲ್ಲದೆ ಚಿತ್ರವೇ ಇಲ್ಲ, ಕ್ಯಾಮೆರಾ ಎಲ್ಲಿ ನಿಂತಿತು ಎಂಬಲ್ಲಿಯೇ ಸಂಕಲನ ಆರಂಭವಾಗುತ್ತದೆ ಎಂಬ ವಾದವೂ ಬೆಳೆಯಿತು. ಕೇರಳದ ಪಾಂಞಾಳ್ ಗ್ರಾಮದಲ್ಲಿ 1975ರಲ್ಲಿ ಹನ್ನೆರಡು ದಿನ ನಡೆದ ಅಗ್ನಿಚಯನವನ್ನು ರಾಬರ್ಟ್ ಗಾರ್ಡ್‌ನರ್ ಮತ್ತು ಫ್ರಿಟ್ಸ್ ಸ್ಟಾಲ್ ದಾಖಲಿಸಿದರು. 1976ರಲ್ಲಿ ಬಂದ ಅವರ 'ಆಲ್ಟರ್ ಆಫ್ ಫೈರ್' ಚಿತ್ರದ ಅವಧಿ ಒಂದು ಗಂಟೆಗೂ ಕಡಿಮೆ. ಹನ್ನೆರಡು ದಿನಗಳ ಕ್ರಿಯೆಯನ್ನು ಒಂದು ಗಂಟೆಯ ಒಳಗೆ ತರುವ ಕತ್ತರಿಯ ಹಿಂದೆ ವ್ಯಾಖ್ಯಾನವಿದ್ದೇ ಇರುತ್ತದೆ. ಆ ಆಚರಣೆಯ ವಿವರಗಳನ್ನು ಸ್ಟಾಲ್ 1983ರಲ್ಲಿ 'ಅಗ್ನಿ' ಎಂಬ ಬೃಹತ್ ಗ್ರಂಥದಲ್ಲಿ ಕೊಟ್ಟರು. ಚಿತ್ರವು ಬಿಟ್ಟುದನ್ನು ಗ್ರಂಥ ತುಂಬಿಕೊಡುವ ಈ ವ್ಯವಸ್ಥೆ ಗಮನಿಸತಕ್ಕದ್ದು.

ಕರ್ನಾಟಕದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಬೆಳೆದ ಪ್ರಾದೇಶಿಕ ರಂಗಕಲೆಗಳ ಅಧ್ಯಯನ ಕೇಂದ್ರವೂ, ಎಚ್. ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವೂ ಧ್ವನಿ ಮತ್ತು ದೃಶ್ಯ ದಾಖಲೆಗಳ ಸಂಗ್ರಹಕ್ಕೆ ಮುಂದಾದ ಸಂಸ್ಥೆಗಳು. ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹೊಂಕೊ, ಅನ್ನೇಲಿ ಹೊಂಕೊ, ಬಿ. ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡ ಅವರ ತಂಡ 1990ರ ಡಿಸೆಂಬರಿನಲ್ಲಿ ದಾಖಲಿಸಿತು. 1998ರಲ್ಲಿ ಪ್ರಕಟವಾದ ಅದರ ಪಠ್ಯ 15,683 ಸಾಲುಗಳದು. ಒಬ್ಬನೇ ಗಾಯಕನ ಒಂದೇ ಹಾಡಿಕೆಯನ್ನು ಕೂಡಿಸದೆ ಕಳೆಯದೆ ಕೊಡುವ ಸಂಪಾದನಾ ನೀತಿಯೇ ಅದರ ಮಹತ್ವ. ಪಠ್ಯಕ್ಕೆ ಅನ್ವಯಿಸಿದ ಆ ನೀತಿಯನ್ನು ದೃಶ್ಯಕ್ಕೂ ಅನ್ವಯಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ.

ಕೆಲವು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಬಹುದು. ಭೂತಕೋಲದಲ್ಲಿ ಎಣ್ಣೆಬೂಳ್ಯ ಪಡೆಯುವುದು, ಬಣ್ಣ ಹಚ್ಚಿಕೊಳ್ಳುವಾಗ ಪಾಡ್ದನ ಹೇಳುವುದು, ಗಗ್ಗರ ಕಟ್ಟುವುದು, ಅಣಿ ಏರಿಸುವುದು, ನುಡಿ ಕೊಡುವುದು ಹೀಗೆ ಒಂದು ಆನುಪೂರ್ವಿಯಿದೆ. ನೋಡುಗರನ್ನು ಸೆಳೆಯಲು ನುಡಿಯ ಆವೇಶವನ್ನು ಮೊದಲಿಗೆ ತಂದು, ಎಣ್ಣೆಬೂಳ್ಯವನ್ನು ನಡುವೆ ಸೇರಿಸಿದರೆ ಕಥಾಚಿತ್ರಕ್ಕೆ ಅದು ತಪ್ಪಲ್ಲ. ಆದರೆ ಐವತ್ತು ವರ್ಷಗಳ ಮೇಲೆ ಆ ಚಿತ್ರವನ್ನು ಆಕರವೆಂದು ಬಳಸುವ ಸಂಶೋಧಕನು ಆಚರಣೆಯ ಕ್ರಮವನ್ನೇ ತಪ್ಪಾಗಿ ತಿಳಿಯುತ್ತಾನೆ. ಪಾಡ್ದನದ ಭಾಗವನ್ನು 'ನಿಧಾನ' ಎಂದು ತೆಗೆದುಹಾಕಿದರೆ ಕಲಾವಿದನು ಮನುಷ್ಯನಿಂದ ದೈವದ ಪಾತ್ರಿಯಾಗುವ ನಡುಗಾಲವೇ ಅಳಿದುಹೋಗುತ್ತದೆ.

ಇರುಳಿಡೀ ನಡೆಯುವ ಯಕ್ಷಗಾನದ ಸಂಕ್ಷೇಪದಲ್ಲಿ ಒಡ್ಡೋಲಗ ಮತ್ತು ಯುದ್ಧದ ಕುಣಿತ ಉಳಿದು, ಚೌಕಿಯ ಪೂಜೆ, ಸಭಾಲಕ್ಷಣ, ದೀರ್ಘವಾದ ಅರ್ಥಗಾರಿಕೆ ಹೋಗುವುದು ಸುಲಭ. ಹಾಗಾದಾಗ ಮಾತಿನ ಕಲೆಯೊಂದು ಬರಿಯ ಕುಣಿತದ ಕಲೆಯಾಗಿ ದಾಖಲಾಗುತ್ತದೆ. ಕಂಸಾಳೆ ಕುಣಿತದಲ್ಲಿ ಚಿತ್ರ ಬದಲಾಗುವ ಕ್ಷಣವು ತಾಳದ ಪೆಟ್ಟಿಗೆ ಹೊಂದದಿದ್ದರೆ ಲಯವೇ ಮುರಿದಂತೆ ತೋರುತ್ತದೆ. ಇನ್ನೊಂದು ಸೂಕ್ಷ್ಮವಾದ ದೋಷ ಧ್ವನಿಯದು. ಒಂದು ಸುತ್ತಿನ ವಾದ್ಯವನ್ನು ಇನ್ನೊಂದು ಸುತ್ತಿನ ಹೆಜ್ಜೆಯ ಮೇಲೆ ಹಾಸುವುದು ಸಂಕಲನದಲ್ಲಿ ದಿನನಿತ್ಯದ ಉಪಾಯ. ಕಿವಿಗೆ ಇಂಪಾಗಿಯೇ ಇರುತ್ತದೆ. ಆದರೆ ಹೆಜ್ಜೆಗೂ ಪೆಟ್ಟಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡುವವನಿಗೆ ಅದು ಎಂದೂ ನಡೆಯದ ಪ್ರದರ್ಶನವೊಂದನ್ನು ಒದಗಿಸುತ್ತದೆ. ಗ್ರಂಥ ಸಂಪಾದನೆಯಲ್ಲಿ ಇಂಥದನ್ನು ಪ್ರಕ್ಷಿಪ್ತವೆನ್ನುತ್ತಾರೆ.

ಇವೆಲ್ಲಕ್ಕಿಂತ ಗಂಭೀರವಾದುದು ಸಂಕಲನದ ಅನಂತರ ಉಳಿಯುವ ಮೂಲದ ಗತಿ. 1995ರಿಂದ ಬಳಕೆಗೆ ಬಂದ ಡಿವಿ ಪದ್ಧತಿಯಲ್ಲಿ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಸ್ಥಳ ಬೇಕು; ಡಿಸ್ಕುಗಳು ದುಬಾರಿಯಾಗಿದ್ದ ಕಾಲದಲ್ಲಿ ಸಂಕಲನ ಮುಗಿದೊಡನೆ ಮೂಲ ಕಡತಗಳನ್ನು ಅಳಿಸಿ, ಕ್ಯಾಸೆಟ್ಟಿನ ಮೇಲೆಯೇ ಮತ್ತೆ ಮುದ್ರಿಸುವ ಪ್ರಲೋಭನೆ ಸಹಜವಾಗಿತ್ತು. ಉಳಿದ ಟೇಪುಗಳಿಗೂ ಅಪಾಯವಿದೆ. ಕಾಂತೀಯ ಲೇಪನ ತೇವಕ್ಕೆ ಸಿಕ್ಕಿ ಸಡಿಲವಾಗುತ್ತದೆ. ಓಡಿಸುವ ಯಂತ್ರಗಳೂ ಇಲ್ಲವಾಗುತ್ತವೆ. ಜಪಾನಿನ ಫುನಾಯಿ ಸಂಸ್ಥೆ 2016ರ ಜುಲೈನಲ್ಲಿ ವಿಎಚ್‌ಎಸ್ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಮೂವತ್ತು ನಿಮಿಷದ ಸಂಕಲಿತ ಚಿತ್ರ ಮಾತ್ರ ಉಳಿದು ಎಂಟು ಗಂಟೆಯ ಮೂಲ ಅಳಿದರೆ, ಸಂಕಲನಕಾರನ ಆಯ್ಕೆಯೇ ಪರಂಪರೆಯ ಸ್ಥಾನದಲ್ಲಿ ನಿಲ್ಲುತ್ತದೆ. ತೀರಿಹೋದ ಹಾಡುಗಾರನನ್ನು ಮತ್ತೆ ಹಾಡಿಸಲಾಗದು.

ಉಪಸಂಹಾರ

ಮೇಲಿನ ಚರಿತ್ರೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕಸುಬಿನ ಕೋಣೆ ಕೈಯನ್ನು ಪಳಗಿಸಿತು. ಮಾಸ್ಕೋದ ಶಾಲೆ ಪ್ರಶ್ನೆಯನ್ನು ಕಲಿಸಿತು. ಪುಣೆಯ ಸಂಸ್ಥೆ ಸಂಗ್ರಹಾಲಯದ ನೆರೆಯಲ್ಲಿ ಕಲಿಯುವುದರ ಬೆಲೆಯನ್ನು ತೋರಿಸಿತು. ಟೇಪಿನ ಕಾಲ ದೃಶ್ಯಸೂಚಿಯ ಶಿಸ್ತನ್ನು ಕೊಟ್ಟಿತು. ಕಂಪ್ಯೂಟರು ಮೂಲವನ್ನು ಮುಟ್ಟದೆ ಸಂಕಲಿಸುವ ಸೌಕರ್ಯವನ್ನು ಎಲ್ಲರಿಗೂ ಒದಗಿಸಿತು. ಒಂದು ಹಂತ ಬಂದಾಗ ಹಿಂದಿನ ಹಂತದ ಗುಣ ತಾನಾಗಿ ಮುಂದುವರಿಯಲಿಲ್ಲ. ಪಾಠಪಟ್ಟಿಯಲ್ಲಿ ಅದಕ್ಕೆ ಸ್ಥಳ ಕೊಟ್ಟಲ್ಲಿ ಮಾತ್ರ ಅದು ಉಳಿಯಿತು.

2011ರಲ್ಲಿ ಸ್ಥಾಪನೆಯಾದ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಸೇರಿದಂತೆ ಜಾನಪದವನ್ನು ಬೋಧಿಸುವ ಸಂಸ್ಥೆಗಳು ಸಂಕಲನವನ್ನು ಕಲಿಸುವಾಗ ಇದನ್ನು ಗಮನದಲ್ಲಿರಿಸಿಕೊಳ್ಳುವುದು ಉಚಿತ. ವಿದ್ಯಾರ್ಥಿಯು ತಂತ್ರಾಂಶವನ್ನು ತೆರೆಯುವ ಮೊದಲು ಇಡೀ ಮೂಲವನ್ನು ನೋಡಿ ದೃಶ್ಯಸೂಚಿ ಬರೆಯಬೇಕು. ಒಂದೇ ಮೂಲದಿಂದ ಎರಡು ಸಂಕಲನಗಳನ್ನು ಮಾಡಬೇಕು: ಕ್ರಮವನ್ನು ಮುರಿಯದ ಆಕರಪ್ರತಿಯೊಂದು, ಸಾಮಾನ್ಯ ನೋಡುಗರಿಗಾಗಿ ಸಂಕ್ಷಿಪ್ತ ಪ್ರತಿಯೊಂದು. ಎಲ್ಲಿ ಬಿಡಲಾಗಿದೆ, ಎಲ್ಲಿ ಕ್ರಮ ಬದಲಾಗಿದೆ, ಎಲ್ಲಿ ಧ್ವನಿಯನ್ನು ಬೇರೆ ಕಡೆಯಿಂದ ತರಲಾಗಿದೆ ಎಂಬ ಟಿಪ್ಪಣಿ ಗ್ರಂಥದ ಪಾಠಾಂತರ ಸೂಚಿಯಂತೆ ಚಿತ್ರದೊಡನೆ ಇರಬೇಕು. ಮೂಲದ ಎರಡು ಪ್ರತಿಗಳು ಎರಡು ಬೇರೆ ಸ್ಥಳಗಳಲ್ಲಿ ಉಳಿಯಬೇಕು. ಕೊನೆಯದಾಗಿ, ಸಂಕಲನಗೊಂಡ ಚಿತ್ರವನ್ನು ಕಲಾವಿದರ ಊರಿಗೆ ಒಯ್ದು ಅವರ ಮುಂದೆ ತೋರಿಸುವುದೂ ಪಾಠದ ಭಾಗವಾಗಬೇಕು. ಯಾವುದು ಬಿಟ್ಟುಹೋಗಿದೆ ಎಂದು ತಕ್ಷಣ ಹೇಳಬಲ್ಲವರು ಅವರೇ.

ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಓಲೆಗರಿಯ ಮುಂದೆ ಕುಳಿತ ಹಿರಿಯ ಸಂಪಾದಕರು ತೋರಿದ ತಾಳ್ಮೆಯೂ ಪ್ರಾಮಾಣಿಕತೆಯೂ ಬೇಕು. ಕತ್ತರಿಸುವುದನ್ನು ಕಲಿಸುವ ತರಗತಿಯು ಕತ್ತರಿಸಿದುದಕ್ಕೆ ಲೆಕ್ಕ ಕೊಡುವುದನ್ನೂ ಕಲಿಸಿದಾಗ ಮಾತ್ರ ಆ ವಿದ್ಯೆ ವಿಶ್ವವಿದ್ಯಾಲಯದ ವಿದ್ಯೆಯೆನಿಸುತ್ತದೆ.